ಕಸದ ಬುಟ್ಟಿ ತೆರೆದು ನೋಡುವ ರೇಣುಕಾಪ್ರಸಾದ್

ಭದ್ರಾವತಿಯ ಆ ಪ್ರೌಢಶಾಲೆಯ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಶಿವಮೊಗ್ಗದ ದುರ್ಗಿಗುಡಿಯಿಂದ ಮೊದಲ ಬಸ್ಸಿಗೆ ಬಂದ ರೇಣುಕಾಪ್ರಸಾದ್ ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಧೂಳನ್ನು ಕರವಸ್ತ್ರದಲ್ಲಿ ಒರೆಸಿ ಕೂತಿದ್ದಾರೆ. ಡಿಸ್ಕ್ ತುಂಬಿದೆ, ಜಾಗವಿಲ್ಲ ಎಂದು ಎದುರಿನ ಪರದೆ ಹಟ ಹಿಡಿದಿದೆ.

ಶಾಲೆ, ಗ್ರಂಥಾಲಯಗಳ ಲಿನಕ್ಸ್ ತಂತ್ರಾಂಶದಲ್ಲಿ ಓಡುವ ಹಳೆಯ ಕಂಪ್ಯೂಟರ್‌ಗಳಿಗೆ ಹೊಸ ಆವೃತ್ತಿ ಹಾಕಿಕೊಡುವುದು ಅವರ ಕಸುಬು. ಹಾಕುವುದೇನೋ ಸಲೀಸು, ಅದಕ್ಕೆ ಮೊದಲು ಜಾಗ ಮಾಡುವುದರಲ್ಲೇ ಪ್ರಾಣ ಹೋಗುತ್ತದೆ. "ಜಾಗ ಸಾಲ್ದೆ ಅರ್ಧಕ್ಕೆ ನಿಂತ್ರೆ ಮುಗೀತು, ಮಷೀನು ಮೇಲಕ್ಕೇ ಏಳಲ್ಲ" ಎನ್ನುತ್ತಾ ಅವರು ಎಂದೋ ಇಳಿಸಿಕೊಂಡ ಪ್ಯಾಕೇಜುಗಳನ್ನೂ ಯಂತ್ರ ತನ್ನ ದಿನಚರಿ ಬರೆದಿಡುವ, ವರ್ಷಗಟ್ಟಲೆ ಬೆಳೆದ ಲಾಗ್‌ಗಳನ್ನೂ ಅಳಿಸುತ್ತಾರೆ. ಆಮೇಲೆ ಯಂತ್ರವನ್ನು ಎಬ್ಬಿಸಿ ನಡೆಸುವ ಹಳೆಯ ಕರ್ನಲ್‌ಗಳ ಸರದಿ. "ಈಗ ಓಡ್ತಿರೋದನ್ನೂ ಅದರ ಹಿಂದಿಂದನ್ನೂ ಮುಟ್ಟಲ್ಲ. ಹೊಸದು ಕೈಕೊಟ್ರೆ ಹಳೇದಾದ್ರೂ ಇರ್ಬೇಕಲ್ಲ."

ದುರ್ಗಿಗುಡಿಯಲ್ಲಿ ಅವರದೇ ಒಂದು ಸೈಬರ್ ಕೆಫೆ ಇತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದಕ್ಕೆ ಬಾಗಿಲು ಬಿತ್ತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬರೇ. ಜನ ಬರುವ ಮೊದಲು ಕೆಲಸ ಮುಗಿಸಬೇಕಾದ್ದರಿಂದ ಇಲ್ಲಿಯೂ ಒಬ್ಬರೇ. ಮಕ್ಕಳು ಬರುವ ಹೊತ್ತಿಗೆ ಕಂಪ್ಯೂಟರ್ ಓಡುತ್ತಿರುತ್ತದೆ, ಇವರು ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ. "ಕೆಲವು ದಿನ ಮನೆಗೆ ಹೋದ್ಮೇಲೆ ಹೊಳೆಯುತ್ತೆ ಸಾರ್, ಇವತ್ತು ಕಂಡಕ್ಟರ್ ಹತ್ರ ಬಿಟ್ರೆ ಯಾರ ಹತ್ರನೂ ಮಾತಾಡ್ಲೇ ಇಲ್ಲ ಅಂತ." ನಗುತ್ತಲೇ ಹೇಳುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಇಂದು ಎಷ್ಟು ಅಳಿಸಿದರೂ ಜಾಗ ಸಾಲುತ್ತಿಲ್ಲ. ಉಳಿದಿರುವುದು ಅಳಿಸಿದ ಫೈಲುಗಳು ಹೋಗಿ ಬೀಳುವ, ಪರದೆಯ ಮೇಲಿನ ಕಸದ ಬುಟ್ಟಿಯೊಂದೇ, ಅದು ಕಂಠಮಟ್ಟ ತುಂಬಿದೆ. ಬೇರೆಯವರಾದರೆ ಒಂದು ಗುಂಡಿ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ರೇಣುಕಾಪ್ರಸಾದ್ ತೆರೆದು ನೋಡುತ್ತಾರೆ. "ಹುಡುಗ್ರು ಹೊರಗಡೆ ಇರೋದನ್ನೆಲ್ಲ ಅಳಿಸಿಬಿಡ್ತಾವೆ. ಅದಕ್ಕೇ ಕೆಲವರು ಬೇಕಾದ್ದನ್ನ ಬುಟ್ಟಿಲೇ ಬಚ್ಚಿಡ್ತಾರೆ ಮಾರಾಯ್ರೆ. ಕಸಕ್ಕೆ ಯಾರು ಕೈ ಹಾಕ್ತಾರೆ?"

ಒಳಗೆ ಸಾಲುಸಾಲು ವಿಡಿಯೊಗಳು. ಒಂದರಲ್ಲಿ ಹುಡುಗಿಯೊಬ್ಬಳು ಬೆರಳಿಟ್ಟು ಒಂದು ವಾಕ್ಯ ಓದುತ್ತಾಳೆ, ಮುಗಿಸಿ ತಾನೇ ಬೆರಗಾಗುತ್ತಾಳೆ. ಮುಖ್ಯೋಪಾಧ್ಯಾಯರಿಗೆ ಫೋನ್ ಹೋಗುತ್ತದೆ. "ಕಸ ತಾನೇ, ತೆಗೀರಿ. ಮೊದಲ್ನೇ ಪೀರಿಯಡ್ಡಿಗೆ ಲ್ಯಾಬ್ ಬೇಕು." ರೇಣುಕಾಪ್ರಸಾದರ ಪೆನ್‌ಡ್ರೈವ್ ತುಂಬಿದೆ, ಪಕ್ಕದ ಕಂಪ್ಯೂಟರ್‌ಗಳೂ ಕಿಕ್ಕಿರಿದಿವೆ. ವಿಡಿಯೊ ಯಾರದೆಂದು ತಿಳಿಯದೆ ಅಳಿಸಲಾರದೆ, ಶಾಲೆಯವರು ಯಾರಾದರೂ ಬರಲೆಂದು ಇವರು ಕೈಕಟ್ಟಿ ಕೂರುತ್ತಾರೆ.

ಕೊನೆಗೆ ಕನ್ನಡ ಟೀಚರ್ ಸುಭದ್ರಮ್ಮ ಬರುತ್ತಾರೆ. ಈ ವರ್ಷವೇ ಅವರ ನಿವೃತ್ತಿ. ರೇಣುಕಾಪ್ರಸಾದ್ ಈ ಶಾಲೆಗೆ ಬರಲು ಶುರುಮಾಡಿ ಎಷ್ಟೋ ವರ್ಷವಾಗಿದೆ, ಆದರೂ ಟೀಚರ್ ಕೇಳುವ ಮೊದಲ ಮಾತು, "ಯಾರಪ್ಪ ನೀವು?" ವಿಷಯ ತಿಳಿದದ್ದೇ ಅವರ ಮುಖ ಬಿಳಿಚಿಕೊಳ್ಳುತ್ತದೆ. "ಅದು ನಂದು ಕಣಪ್ಪ. ಅಕ್ಷರ ಕೂಡಿಸಕ್ಕೆ ಬರದ ಮಕ್ಕಳು ಮೊದಲ ಸಲ ಒಂದು ಸಾಲು ಪೂರ್ತಿ ಓದಿದ್ದು. ಬೇರೆಲ್ಲೂ ಇಲ್ಲ."

ಅವರ ಮೊಬೈಲಿಗೆ ವೈರು ಸಿಕ್ಕಿಸಿ ವಿಡಿಯೊಗಳನ್ನು ದಾಟಿಸುವ ಕೆಲಸ ಶುರುವಾಗುತ್ತದೆ. ಸುಭದ್ರಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಒಂದೊಂದನ್ನೇ ಹಾಕಿಸಿ, ಇವಳು ಯಾರ ಮಗಳು, ಅವನು ಈಗ ಎಲ್ಲಿದ್ದಾನೆ ಎಂದು ಹೇಳುತ್ತಾ ಹೋಗುತ್ತಾರೆ. ದಾಟಿಸಲು ಅವನ್ನೆಲ್ಲ ನೋಡಲೇಬೇಕೆಂದಿಲ್ಲ. ರೇಣುಕಾಪ್ರಸಾದ್ ಆ ಮಾತು ಎತ್ತುವುದಿಲ್ಲ.

ಬುಟ್ಟಿ ಖಾಲಿಯಾಗಿ, ಹೊಸ ಆವೃತ್ತಿ ಕೂತು, ಕಂಪ್ಯೂಟರ್ ಎದ್ದಾಗ ಎರಡನೇ ಪೀರಿಯಡ್ಡೂ ಕಳೆದಿದೆ. ಮುಖ್ಯೋಪಾಧ್ಯಾಯರ ಕೈಲಿ ಬೈಸಿಕೊಂಡದ್ದೂ ಆಗಿದೆ. ಮುಂದಿನ ಆಸೆ ಏನು ಎಂದರೆ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ:

"ಟೀಚರ್ ರಿಟೈರ್ ಆಗೋದ್ರೊಳಗೆ ಇನ್ನೊಂದ್ಸಲ ಬರಬೇಕು ಸಾರ್, ಉಳಿದ ಮಷೀನಿಗೆ. ಬೆಳಿಗ್ಗೆ ಅಲ್ಲ, ಅವರು ಇರೋ ಹೊತ್ತಿಗೆ. ಕೆಲಸ ನಿಧಾನ ಆಗುತ್ತೆ. ಆಗ್ಲಿ."