ಸವಣೂರು ಬಸ್ಸಿನ ಅರ್ಧ ಗಂಟೆ

ಒಂದು ಭಾನುವಾರ ನಮ್ಮ ಸಭೆಯ ಪಾಸ್ಟರು ಪ್ರಸಂಗ ಮಾಡಲಿಲ್ಲ. ಎಲ್ಲರ ಕೈಗೂ ಒಂದೊಂದು ಬಿಳಿ ಹಾಳೆ ಕೊಟ್ಟು, "ನಿನ್ನೆ ಮುಂಜಾನಿಂದ ಮಲಗೂತನಕ ದೇವರು ಕೊಟ್ಟ ಹೊತ್ತು ಎಲ್ಲೆಲ್ಲಿ ಹೋತು, ಬರೀರಿ," ಎಂದರು.

ಶಿಗ್ಗಾಂವದ ಆ ಪುಟ್ಟ ಪ್ರಾರ್ಥನಾಲಯದಲ್ಲಿ ಮೂವತ್ತು ಜನ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ತಲೆ ತಗ್ಗಿಸಿದೆವು. ಬೆಳಗಿನ ಪ್ರಾರ್ಥನೆ, ಅಡುಗೆ, ಸವಣೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ, ಎಲ್ಲವನ್ನೂ ಬರೆದೆ. ಬಸ್ಸಿನಲ್ಲಿ, ಊಟವಾದ ಮೇಲೆ, ಮತ್ತೆ ಸಂಜೆ ಮೊಬೈಲ್ ನೋಡಿದ್ದನ್ನು ಏನೆಂದು ಬರೆಯುವುದು? "ವಿಶ್ರಾಂತಿ" ಎಂದು ಬರೆದುಬಿಟ್ಟೆ. ಪಕ್ಕದಲ್ಲಿದ್ದ ಅವ್ವ ಇಣುಕಿ ನೋಡಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ವಿಶ್ರಾಂತಿ ಅಂತ! ನಿನ್ನ ಹೆಬ್ಬಟ್ಟಿಗೆ ಒಂದ್ ಗಳಿಗಿ ವಿಶ್ರಾಂತಿ ಇತ್ತೇನಬೇ?" ಎಂದಳು. ಪಾಸ್ಟರೂ ನಕ್ಕರು.

ಅವಮಾನಕ್ಕೋ ಭಕ್ತಿಗೋ, ಅಂದೇ ಒಂದು ನಿರ್ಧಾರ ಮಾಡಿದೆ. ಬೆಳಿಗ್ಗೆ ಶಿಗ್ಗಾಂವದಿಂದ ಸವಣೂರಿಗೆ ಹೋಗುವ ಬಸ್ಸಿನ ಅರ್ಧ ಗಂಟೆ ಇನ್ನು ದೇವರದು. ಪ್ರಾರ್ಥಿಸಬೇಕಾದವರ ಪಟ್ಟಿ ಮಾಡಿದೆ. ಮೊಬೈಲನ್ನು ಚೀಲದ ತಳದಲ್ಲಿ, ಊಟದ ಡಬ್ಬಿಯ ಕೆಳಗಿಟ್ಟೆ.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ, ಐವತ್ತು ದಾಟಿದ ಹೆಂಗಸೊಬ್ಬಳು ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಸವಣೂರಿನಿಂದ ವೀಳ್ಯದೆಲೆ ತಂದು ಶಿಗ್ಗಾಂವದಲ್ಲಿ ಮಾರುವವಳು. ನಾನು ಕಣ್ಣು ಮುಚ್ಚಿದ್ದು ನೋಡಿ ಭುಜ ಅಲುಗಿಸಿದಳು.

"ಯಾಕಬೇ ತಂಗಿ, ತಲಿ ನೋಯಾಕತ್ತೈತೇನು?"

ಇಲ್ಲ ಎಂದೆ. ಅಷ್ಟೇ ಸಾಕಾಯಿತು. ತನ್ನ ಮೊಣಕಾಲು ನೋವು, ಸೊಸೆಯ ಸೀಮಂತ, ಹುಲಗೂರಿನಲ್ಲಿರುವ ತಂಗಿಯ ಎಮ್ಮೆ, ಎಲ್ಲದರ ಕಥೆಯೂ ಸವಣೂರಿನ ತನಕ ನಡೆಯಿತು. ಮರುದಿನ ಜಾಗ ಬದಲಿಸಿ ಮುಂದೆ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. "ಇಲ್ಲಿ ಕುಂತೀಯೇನು! ಹಿಂದೆಲ್ಲ ಹುಡಿಕ್ಯಾಡಿ ಬಂದೆ," ಎಂದು ಅಲ್ಲಿಗೂ ಬಂದಳು.

ವಾರವಿಡೀ ಹೀಗೇ ಆಗಿ, ಪಾಸ್ಟರಿಗೆ ದೂರು ಹೇಳಿದೆ. "ಪ್ರಾರ್ಥನಾಕ್ಕ ಅಂತ ತಗದಿಟ್ಟ ಹೊತ್ತೆಲ್ಲ ಆಕಿ ಮಾತಿಗೇ ಹೋಗಾಕತ್ತೈತ್ರಿ."

"ನಿನ್ನ ಪಟ್ಟಿಯೊಳಗ ಆಕಿ ಹೆಸರು ಐತೇನು?" ಎಂದು ಕೇಳಿದರು.

"ಇಲ್ರಿ. ಹೆಸರ ಗೊತ್ತಿಲ್ರಿ."

"ಹಂಗಾರ ನಾಳೆ ಅದನ್ನಷ್ಟು ಕೇಳು."

ಇಷ್ಟು ದಿನದಲ್ಲಿ ಅವಳ ತಂಗಿಯ ಎಮ್ಮೆಯ ವಿಷಯವೂ ತಿಳಿದಿತ್ತು, ಹೆಸರು ಮಾತ್ರ ಕೇಳಿರಲಿಲ್ಲ. ನಾಚಿಕೆಯಾಯಿತು. ಮರುದಿನ ನಾನೇ ಅವಳಿಗೆ ಜಾಗ ಹಿಡಿದಿಟ್ಟು, "ಅಮ್ಮಾರ, ನಿಮ್ಮ ಹೆಸರೇನ್ರಿ?" ಎಂದೆ. ಅವಳು ಹೆಸರು ಹೇಳಿ, ಕಂಡಕ್ಟರಿಗೆ ತೋರಿಸಲು ತೆಗೆದಿದ್ದ ಆಧಾರ್ ಕಾರ್ಡನ್ನು ನನ್ನ ಮುಂದೆ ಹಿಡಿದಳು.

"ದಿನಾ ತೋರಸ್ತೇನಿ. ಇದರಾಗ ನನ್ನ ಹೆಸರು ಯಾವ್ದು ಅಂತ ನನಗ ಗೊತ್ತಿಲ್ಲ ನೋಡು."

ಬೆರಳಿಟ್ಟು ತೋರಿಸಿದೆ. ಮೂರೇ ಅಕ್ಷರ. ಅವಳು ಅದರ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿ, "ಇಷ್ಟ ಸಣ್ಣದೇನು!" ಎಂದು ನಕ್ಕಳು. ಆಮೇಲೆ, "ಬರಿಯೂದು ಕಲಸ್ತೀಯೇನು?" ಎಂದಳು.

ಹೀಗೆ ನಮ್ಮ ಶಾಲೆ ಶುರುವಾಯಿತು. ಲ್ಯಾಬಿನಲ್ಲಿ ಬಿಸಾಡುವ ಕಾಗದದ ಬೆನ್ನೇ ಪಾಟಿ. ತಗ್ಗು ಬಂದಾಗಲೆಲ್ಲ 'ಗ' ಹೋಗಿ 'ಸ' ಆಗುತ್ತಿತ್ತು. "ರಸ್ತೆ ಮಾಡಿದವ್ರಿಗೆ ಮಾರ್ಕ್ಸ್ ಕಡಿಮಿ ಕೊಡ್ರಿ, ನನಗ ಬ್ಯಾಡ," ಎನ್ನುವಳು. ಹೆಸರು ಮುಗಿದ ಮೇಲೆ ಉಳಿದ ಅಕ್ಷರಗಳನ್ನೂ ಒಂದೊಂದಾಗಿ ಹಿಡಿದೆವು. ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಅವಳ ಬಾಯಲ್ಲಿ ನಾನೂ ಅಕ್ಕೋರು ಆದೆ, ತಂಗಿಗೆ ಬಹುವಚನ ಬಂತು.

ಪ್ರಾರ್ಥನೆಯನ್ನು ಬಿಡಲಿಲ್ಲ, ಅರ್ಧ ಗಂಟೆ ಬೇಗ ಏಳತೊಡಗಿದೆ. ಸುಳ್ಳೇಕೆ, ತಿಂಗಳುಗಟ್ಟಲೆ ಆಮೆನ್ ಹೇಳುವ ಮುಂಚೆಯೇ ತೂಕಡಿಸುತ್ತಿದ್ದೆ. ಅಂಥದೇ ಒಂದು ನಿದ್ದೆಗಣ್ಣಿನ ಬೆಳಿಗ್ಗೆ, ಸವಣೂರಿನ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದ ಬಸ್ಸನ್ನು ಹತ್ತಿ ಕಿಟಕಿಗೆ ಒರಗಿದೆ. ನನ್ನನ್ನು ನೋಡಿ ಇನ್ನಿಬ್ಬರು ಹತ್ತಿದರು. ಅವಳು ಮಾತ್ರ ಹತ್ತಲಿಲ್ಲ. ಬುಟ್ಟಿಯನ್ನು ಸೊಂಟಕ್ಕಿಟ್ಟು, ಬಸ್ಸಿನ ಮುಂದೆ ನಿಂತು ಬೋರ್ಡಿನತ್ತ ಬೆರಳು ತೋರಿಸುತ್ತಿದ್ದಳು.

"ಹಾ... ನ... ಗ..." ಎಂದವಳು ಒಮ್ಮೆಲೇ ಕೂಗಿದಳು. "ಹಾನಗಲ್ಲ! ಅಕ್ಕೋರ, ಇಳೀರಿ ಇಳೀರಿ! ಇದು ಸವಣೂರದ್ದಲ್ಲ!"

ಕಂಡಕ್ಟರ್ ಆಗಲೇ ಸೀಟಿ ಹೊಡೆದಿದ್ದ. ನಾನೂ ನನ್ನ ಹಿಂದೆ ಬಂದ ಆ ಇಬ್ಬರೂ ದಡಬಡ ಇಳಿದೆವು. ನನ್ನ ಡಬ್ಬಿಯ ಪಲ್ಯ ಚೀಲದಲ್ಲೇ ಚೆಲ್ಲಿತ್ತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ, "ನಾನ ಓದಿದೆ! ಯಾರೂ ಹೇಳಲಿಲ್ಲ, ನಾನ ಓದಿದೆ!" ಎಂದು ಸಾರುತ್ತಿದ್ದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ದೇವರಿಗೆ ಅಲ್ಲೇ, ಆ ಗದ್ದಲದಲ್ಲೇ ವಂದನೆ ಹೇಳಿದೆ.

ಮೊಬೈಲ್ ಪೂರ್ತಿ ಬಿಟ್ಟೆ ಎಂದರೆ ಅವ್ವ ಒಪ್ಪಲಿಕ್ಕಿಲ್ಲ. ಆದರೆ ಬೆಳಗಿನ ಆ ಬಸ್ಸಿನಲ್ಲಿ ಅದನ್ನು ಹೊರತೆಗೆಯಲು ಪುರಸೊತ್ತೇ ಸಿಗುವುದಿಲ್ಲ. ಈಗ ಎಲೆ ಮಾರುವವಳ ನಾದಿನಿಯೂ ಜೊತೆಗೆ ಬರುತ್ತಾಳೆ. ಮೊನ್ನೆ ನಾದಿನಿಗೆ 'ಮ' ಬರೆಯುವುದನ್ನು ತಿದ್ದಲು ನಾನು ಕೈ ಚಾಚಿದೆ. ನನ್ನ ಹಳೆಯ ವಿದ್ಯಾರ್ಥಿನಿ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನೀವು ಸುಮ್ಮ ಕುಂದರ್ರಿ ಅಕ್ಕೋರ. ನಾ ಹೇಳಿಕೊಡಾಕತ್ತೇನಿ."