ಎಡಗಡೆಯಿಂದ ಬಂದ ಚೆಂಡು

ಹುಣಸೂರಿನ ನಮ್ಮ ಫುಟ್‌ಬಾಲ್ ತಂಡಕ್ಕೆ ಜೆರ್ಸಿ ಹೊಲಿದುಕೊಡುತ್ತಿದ್ದವನು ನಾನೇ. ಒಂಬತ್ತನೇ ನಂಬರಿನ ಜೆರ್ಸಿ ಮಾತ್ರ ಪ್ರತಿ ಸಲವೂ ಅಳತೆ ತಪ್ಪುತ್ತಿತ್ತು. ಅದನ್ನು ಹಾಕುತ್ತಿದ್ದ ಸ್ಟ್ರೈಕರ್ ಹನಗೋಡಿನವನು, ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ. ಆರಡಿ ದಾಟಿದ ಆಳು. ಓಡಿದರೆ ಮೊಣಕಾಲು ಒಂದು ಕಡೆ, ಮೈ ಇನ್ನೊಂದು ಕಡೆ. ಒಂದು ಭಾನುವಾರ ಇಬ್ಬರನ್ನು ದಾಟಿ ಗೋಲಿನ ಮೂಲೆಗೆ ಹೊಡೆದರೆ, ಮುಂದಿನ ಭಾನುವಾರ ಕಾಲ ಬಳಿಗೇ ಬಂದ ಚೆಂಡನ್ನು ಬಿಟ್ಟು ಗಾಳಿಗೆ ಒದೆಯುತ್ತಿದ್ದ.

ಅವನ ವಿಚಾರದಲ್ಲಿ ಆಟ ನೋಡುವವರು ಎರಡು ಪಂಗಡವಾಗಿದ್ದರು. ನನ್ನ ಅಂಗಡಿ ಪಕ್ಕದಲ್ಲಿ ಟೀ ಮಾರುವ ಗೆಳೆಯ ಅವನ ಕಡೆ. ನಾನು ವಿರುದ್ಧ.

"ಹತ್ತು ತಪ್ಪುಸ್ಲಿ ಬುಡ್ಲಾ, ಒಂದ್ ಹೊಡೀತಾನಲ್ಲ, ಅಂಗೆ ಇನ್ಯಾವನ್ ಹೊಡೀತಾನೆ?" ಅನ್ನುತ್ತಿದ್ದ ಗೆಳೆಯ.

"ಆ ಹತ್ತರಿಂದ್ಲೇ ಕಣ್ಲಾ ನಾವು ಸೋಲದು," ಅನ್ನುತ್ತಿದ್ದೆ ನಾನು.

ಮೂರು ವರ್ಷ ಇದೇ ಜಗಳ.

ಪಿರಿಯಾಪಟ್ಟಣದ ಒಂದು ಟೂರ್ನಿಯ ಫೈನಲ್‌ನಲ್ಲಿ ಕೊಡಗಿನ ತಂಡ ಎದುರಿಗಿತ್ತು. ಕೊನೆಯ ಗಳಿಗೆ, ಇಬ್ಬರದೂ ಸಮ. ಎಡಗಡೆಯಿಂದ ಚೆಂಡು ತೇಲಿ ಬಂತು. ಅವರ ಗೋಲ್‌ಕೀಪರ್ ಜಾರಿ ಬಿದ್ದಿದ್ದ. ನಮ್ಮವನು ತಲೆ ಕೊಟ್ಟಿದ್ದರೆ ಸಾಕಿತ್ತು. ಚೆಂಡು ಕಿವಿ ಪಕ್ಕದಲ್ಲೇ ಹಾದುಹೋಯಿತು. ಹೋದ ಮೇಲೆ ಅವನು ತಲೆ ಬೀಸಿದ. ಗೆರೆಯ ಪಕ್ಕ ನಿಂತಿದ್ದ ನಾನು ಗಂಟಲು ಹರಿಯುವಂತೆ ಕೂಗಿದೆ: "ಕಣ್ಣು ಕಾಣಾಕಿಲ್ವೇನ್ಲಾ, ಕುಲ್ಡಾ!"

ಸುತ್ತಲಿದ್ದವರು ನಕ್ಕು ಅದನ್ನೇ ಕೂಗತೊಡಗಿದರು. ಅವನು ಪೂರ್ತಿ ಮೈ ತಿರುಗಿಸಿ ನನ್ನತ್ತ ನೋಡಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಪೆನಾಲ್ಟಿಯಲ್ಲಿ ಸೋತೆವು. ಅವನನ್ನು ತೆಗೆಯಲೇಬೇಕೆಂದು ತಂಡದ ಹಿರಿಯರ ಮುಂದೆ ಹಟ ಹಿಡಿದವನು ನಾನು. ಗೆಳೆಯ ಒಂದು ವಾರ ನನಗೆ ಟೀ ಕೊಡಲಿಲ್ಲ. ಕೊನೆಗೆ ಅವನನ್ನು ತಂಡದಿಂದ ತೆಗೆದರು.

ಆರೇಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನು ಪ್ಯಾಂಟು ಉದ್ದ ಮಾಡಿಸಲು ಬಂದ. ಕೂರಿಸಿ, ಅವನ ಎಡಕ್ಕೆ ಟೀ ಲೋಟ ಇಟ್ಟೆ. ಮಾತಿನ ನಡುವೆ ಅವನ ಕೈ ತಗುಲಿ ಲೋಟ ಉರುಳಿತು. ಗಾಬರಿಯಿಂದ ತಲೆ ಪೂರ್ತಿ ಆ ಕಡೆ ತಿರುಗಿಸಿ ಲೋಟ ಹುಡುಕಿದ. ನಾನು ಅವನ ಎಡಗಣ್ಣಿನ ಪಕ್ಕದಲ್ಲಿ ಬೆರಳು ಆಡಿಸಿದೆ. ರೆಪ್ಪೆ ಮಿಸುಕಲಿಲ್ಲ.

"ಯಾವಾಗಿಂದ?"

"ಟೀಮಿಗೆ ಸೇರಕ್ ಮುಂಚೇನೆ ಕಣಣ್ಣ. ಮಿಲ್ಲಲ್ಲಿ ಮರದ್ ತುಂಡು ಸಿಡ್ದು ಈ ಕಣ್ಗೆ ಬಡೀತು. ಹೇಳುದ್ರೆ ಆಡುಸ್ತಿದ್ರಾ?" ಎಂದವನು ತಲೆ ತಗ್ಗಿಸಿ, "ನಿಮಗೆ ಅದೆಂಗ್ ಗೊತ್ತಾಯ್ತೋ. ಅವತ್ತು ಎಲ್ರ ಮುಂದೆ ಕೂಗುಬುಟ್ರಿ," ಎಂದ.

ಗೊತ್ತಿರಲಿಲ್ಲ ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಿದ್ದ.

ಗೆಳೆಯನಿಗೆ ಹೇಳಿದೆ. ಅವನು ಟೀ ಸೋಸುತ್ತಲೇ, "ನಂಗೊತ್ತಿತ್ತು. ಯಾರ್ಗೂ ಹೇಳ್ಬ್ಯಾಡಿ ಅಂತ ಕೈ ಮುಗ್ದಿದ್ದ ಕಣ್ಲಾ," ಎಂದ. ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಾಗಿತ್ತು ಅವನು. ಮೂರು ವರ್ಷ ಆ ಮಾತು ಆಡಿರಲಿಲ್ಲ.

ಪ್ಯಾಂಟು ಒಯ್ಯಲು ಅವನು ಬರಲೇ ಇಲ್ಲ. ನಾನೇ ಬಸ್ಸು ಹತ್ತಿ ಹನಗೋಡಿಗೆ ಹೋದೆ. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ, ಮಗ ಎಚ್.ಡಿ. ಕೋಟೆ ಆಚೆ ಕೇರಳಕ್ಕೆ ಕೆಲಸಕ್ಕೆ ಹೋದನೆಂದರು.

"ಫೋನ್ ಮಾಡ್ದಾಗ ಒಂದ್ ಮಾತು ಹೇಳಿ ತಾಯಿ," ಎಂದೆ. "ಅವತ್ತು ನನಗೆ ಗೊತ್ತಿರ್ಲಿಲ್ಲ ಅಂತ."

"ಏನ್ ಗೊತ್ತಿರ್ನಿಲ್ಲಪ್ಪ?"

ಆ ಮುಖ ನೋಡಿದೆ. ಅವರಿಗೂ ಅವನು ಹೇಳಿರಲಿಲ್ಲ.

"ಏನಿಲ್ಲ ಬುಡಿ," ಎಂದು ಪ್ಯಾಂಟಿನ ಪೊಟ್ಟಣ ಅವರ ಕೈಗಿಟ್ಟೆ.

ಈಗಲೂ ಭಾನುವಾರ ಮೈದಾನಕ್ಕೆ ಹೋಗುತ್ತೇನೆ. ಯಾರಾದರೂ ಗುರಿ ತಪ್ಪಿ ಹೊಡೆದಾಗ ಜನ ಕೂಗುತ್ತಾರೆ. ಆ ಗದ್ದಲದೊಳಗೆ ನನ್ನದೇ ದನಿ ಕೇಳುತ್ತದೆ. ನಾನು ಬಾಯಿ ಬಿಟ್ಟಿರುವುದಿಲ್ಲ.