ಕಾಕಾನ ಸೀಟಿ

ಉಗಿ ಇಂಜಿನ್ ಎಂದರೆ ನನಗೆ ಇಂದಿಗೂ ಹುಚ್ಚು. ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ರಜೆ ಬಂದರೆ ಸಾಕು, ಎಲ್ಲೋ ಒಂದು ಹಳೆಯ ಇಂಜಿನ್ ನೋಡಲು ಹೊರಟುಬಿಡುತ್ತಿದ್ದೆ. ಹೆಂಗಸಿಗೆಂಥ ಇಂಜಿನ್ ಹುಚ್ಚು ಎಂದು ಜೊತೆಯ ಮಾಸ್ತರರು ನಗುತ್ತಿದ್ದರು. ನಗಲಿ. ಈ ಹುಚ್ಚು ಹಚ್ಚಿದವರು ನನ್ನ ಕಾಕಾ, ಅಪ್ಪನ ತಮ್ಮ, ಘಟಪ್ರಭಾದಲ್ಲಿ ಮನೆ ಮಾಡಿಕೊಂಡು ಮೀಟರ್‌ಗೇಜ್ ಉಗಿ ಗಾಡಿ ಓಡಿಸುತ್ತಿದ್ದ ಡ್ರೈವರ್.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ರೈಲಿಗೆ ಈ ನೇಮ ಎಲ್ಲಿ ಗೊತ್ತು? ಅದಕ್ಕೇ ಕಾಕಾ ಒಂದು ಉಪಾಯ ಮಾಡಿದ್ದರು. ಸಂಜೆ ಊರ ಹೊರಗಿನ ಸಿಗ್ನಲ್ ಹತ್ತಿರ ಬಂದಾಗ ಒಂದು ಉದ್ದ, ಎರಡು ಗಿಡ್ಡ ಸೀಟಿ. ಅದು ಕೇಳಿದ ಕೂಡಲೇ ಅವರ ಹೆಂಡತಿ, ನಮ್ಮ ಕಾಕು, ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಕಾಕಾ ಇಂಜಿನ್ ಒಪ್ಪಿಸಿ ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು. ಸೀಟಿ ಕೇಳುವ ಮೊದಲೇ ಕತ್ತಲಾದರೆ ಇಬ್ಬರಿಗೂ ಉಪವಾಸ. ಹುಕ್ಕೇರಿಯ ತವರಿನವರು ಬಂದು ಎಷ್ಟು ಹೇಳಿದರೂ ಕಾಕು ಒಬ್ಬಳೇ ಉಂಡವಳಲ್ಲ.

ತೊಂಬತ್ತರ ದಶಕದಲ್ಲಿ ಹಳಿಗಳು ಅಗಲವಾದವು, ಡೀಸೆಲ್ ಬಂತು, ಕಾಕಾ ನಿವೃತ್ತರಾದರು. ಆಮೇಲೆ ರೈಲಿನ ಮಾತೆತ್ತಿದರೆ ಸಿಡುಕುತ್ತಿದ್ದರು. ಸ್ಟೇಷನ್ನಿನ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿಟ್ಟ ಹಳೆಯ ಇಂಜಿನ್ ತೋರಿಸಲು ಒಮ್ಮೆ ಕರೆದೊಯ್ದರೆ, “ಹೆಣಕ್ಕ ಬಣ್ಣ ಹಚ್ಚಿ ನಿಲ್ಲಿಸ್ಯಾರ, ನಡಿ ಮನಿಗೆ” ಎಂದು ತಿರುಗಿಯೇ ಬಿಟ್ಟರು. ಆದರೆ ಒಂದು ದಿನ ಉಣ್ಣುತ್ತಾ ಕಾಕುವಿಗೆ ಅಂದದ್ದು ನನ್ನ ಕಿವಿಗೆ ಬಿತ್ತು. “ಸಾಯೂದ್ರೊಳಗ ನನ್ನ ಸೀಟಿ ಒಮ್ಮೆ ಕೇಳಬೇಕ ನೋಡ.”

ಮುಂದಿನ ದೀಪಾವಳಿ ರಜೆಗೆ ಇಬ್ಬರನ್ನೂ ಊಟಿ ಕಡೆ ಕರೆದುಕೊಂಡು ಹೋದೆ. ಕುನ್ನೂರಿನಿಂದ ಕೆಳಗಿಳಿಯುವ ಗಾಡಿಗೆ ಉಗಿ ಇಂಜಿನ್. ಕಾಕಾ ಅದರ ಮೈ ಮುಟ್ಟಲು ಹೋಗಿ ಚಟ್ಟನೆ ಕೈ ಹಿಂತೆಗೆದು, “ಇದಕ್ಕ ಜೀವ ಐತಿ” ಎಂದು ಕೂಸಿನ ಹಾಗೆ ನಕ್ಕರು.

ನಡುದಾರಿಯಲ್ಲಿ ನೀರು ತುಂಬಲು ಗಾಡಿ ನಿಂತಿತು. ಇಂಜಿನ್ ಕಡೆ ಹೋದ ಕಾಕಾ ಹಿಂದಿರುಗಲಿಲ್ಲ. ಕಣಿವೆಗೆ ಬೆಟ್ಟದ ನೆರಳು ಇಳಿಯುತ್ತಿತ್ತು. ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕಾಕುವಿಗೆ ಸಿಟ್ಟು ನೆತ್ತಿಗೇರಿತ್ತು.

“ಸವತಿ ಸಿಕ್ಕಳಲ್ಲ, ಇನ್ನ ಊಟದ ನೆನಪೆಲ್ಲಿ? ಹೋಗಿ ಕರಕೊಂಡ ಬಾರವಾ.”

ನಾನು ಹೋದಾಗ ಕಾಕಾ ಗೋಕಾಕ ಕರದಂಟಿನ ಪೊಟ್ಟಣವನ್ನು ಡ್ರೈವರನ ಕೈಗೆ ತುರುಕುತ್ತಿದ್ದರು. ಆತ ತಮಿಳಿನವ, ಇವರ ಹಿಂದಿ ಅಷ್ಟಕ್ಕಷ್ಟೇ. ಸೀಟಿಯ ಹಿಡಿಕೆ ತೋರಿಸಿ ಕೈ ಮುಗಿದರು. ಆತ ಆಗದೆಂದು ಸನ್ನೆ ಮಾಡಿದ. ಹೊರಗಿನವರು ಮುಟ್ಟಬಾರದೆಂಬ ಕಾಯಿದೆ ಕಾಕಾಗೂ ಗೊತ್ತು. ಆದರೂ ಮುಖ ಬಾಡಿಹೋಯಿತು. ನನಗೆ ತಡೆಯಲಾಗಲಿಲ್ಲ.

“ನೀವು ಬಾಯಿಲೇ ಊದಿ ತೋರಸ್ರಿ ಕಾಕಾ. ಸೀಟಿ ಅವರೇ ಹೊಡೀಲಿ.”

ಎಪ್ಪತ್ತು ದಾಟಿದ ಮನುಷ್ಯ ಅಷ್ಟು ಜನರ ಮುಂದೆ ಬಾಯಿಗೆ ಕೈ ಹಿಡಿದು ಕೂಗಿದರು. ಕೂ… ಕು, ಕು. ಡ್ರೈವರ್ ನಕ್ಕ. ನಮ್ಮನ್ನು ಡಬ್ಬಿಯ ಕಡೆ ಕೈ ಮಾಡಿ ಕಳಿಸಿದ. ನಾವು ಅರ್ಧ ದಾರಿ ಬಂದಿರಬೇಕು, ಹಿಂದಿನಿಂದ ಸೀಟಿ ಕೇಳಿತು. ಒಂದು ಉದ್ದ, ಎರಡು ಗಿಡ್ಡ. ಕಾಕಾ ನಿಂತಲ್ಲೇ ನಿಂತರು. ನಾನೇ ಕೈ ಹಿಡಿದು ಹತ್ತಿಸಿದೆ.

ಒಳಗೆ ಕಾಕು ಆಗಲೇ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಟ್ಟಿದ್ದಳು. ಸಿಟ್ಟು ಎಲ್ಲಿ ಹೋಗಿತ್ತೋ.

“ಸೀಟಿ ಕೇಳಿತ್ರಿ,” ಎಂದಳು. “ಇಲ್ಲೆ ಒಲಿ ಇಲ್ಲ. ಇವತ್ತೊಂದಿನ ತಣ್ಣಂದ ಉಣ್ರಿ.”